ಅಮ್ಮನ ಪಾಲಿನ ನೀರು

ನರ್ಸಿಂಗ್ ಕಾಲೇಜಿನ ಮೊದಲ ವರ್ಷ ಪೂರ್ತಿ ನಾವು ಸರಿಯಾಗಿ ನಡೆಯುತ್ತಿರುವ ದೇಹವನ್ನು ಓದಿದೆವು. ಎರಡನೇ ವರ್ಷದ ಮೊದಲ ತರಗತಿಯಲ್ಲಿ ಮೇಡಂ ಪುಸ್ತಕ ತೆರೆಯದೆ, "ಇನ್ನು ಇದು ಹೇಗೆ ಕೆಡುತ್ತದೆ ಅಂತ ಕಲಿಯೋಣ" ಅಂದರು. ರೋಗ ದೇಹದೊಳಗೆ ಹುಟ್ಟಿ ಬೆಳೆಯುವ ಬಗೆ ಒಂದು ವಿಷಯ, ಮದ್ದು ದೇಹದೊಳಗೆ ಹೋಗಿ ಮಾಡುವ ಕೆಲಸ ಇನ್ನೊಂದು. ಎರಡನ್ನೂ ಅವರೇ ಕಲಿಸುತ್ತಿದ್ದರು. ಇಂಗ್ಲಿಷ್ ಹೆಸರುಗಳನ್ನು ಕೇಳಿ ನನ್ನಂಥ ಕನ್ನಡ ಮೀಡಿಯಮ್ಮಿನವರು ಹೆದರಿ ಕೂತಿದ್ದಾಗ ಅವರು ಒಂದು ಉಪಾಯ ಹೇಳಿಕೊಟ್ಟರು. "ಹೆಸರು ಬಾಯಿಪಾಠ ಮಾಡಬೇಡಿ. ಒಂದು ಕಡೆ ಏನೋ ಕೆಟ್ಟಿತು ಅಂತ ಇಟ್ಟುಕೊಳ್ಳಿ. ಆಮೇಲೆ ಏನಾಯಿತು ಅಂತ ಕೇಳಿ. ಅದಾದ ಮೇಲೆ ಏನಾಯಿತು ಅಂತ ಮತ್ತೆ ಕೇಳಿ. ಕೇಳುತ್ತಾ ಹೋದರೆ ರೋಗಿಯ ಮುಖದವರೆಗೆ ಬಂದು ಮುಟ್ಟುತ್ತೀರಿ."

ನನಗೆ ಇದು ಹಿಡಿಸಿತು. ಬ್ರಹ್ಮಾವರದ ಹಾಸ್ಟೆಲ್ಲಿನ ಜಗಲಿಯಲ್ಲಿ ಕೂತು ಒಂದೊಂದು ರೋಗವನ್ನೂ ಕನ್ನಡದಲ್ಲೇ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನ್ಯುಮೋನಿಯಾ ಆದರೆ ಗಾಳಿಯ ಚೀಲದೊಳಗೆ ನೀರು ತುಂಬುತ್ತದೆ. ಆಮೇಲೆ? ಉಸಿರಾಡಿದ ಗಾಳಿ ರಕ್ತಕ್ಕೆ ಸೇರುವುದಿಲ್ಲ. ಆಮೇಲೆ? ತುಟಿ ನೀಲಿಯಾಗುತ್ತದೆ. ಹೀಗೆ. ಅಷ್ಟು ದಿನ ಪುಸ್ತಕದಲ್ಲಿ ಸತ್ತು ಬಿದ್ದಿದ್ದ ಸಾಲುಗಳೆಲ್ಲ ಎದ್ದು ನಡೆಯತೊಡಗಿದವು. ಓದು ಅಂದರೆ ಇಷ್ಟು ಖುಷಿಯ ಕೆಲಸ ಅಂತ ನನಗೆ ಗೊತ್ತಾದದ್ದು ಆ ಒಂದೆರಡು ತಿಂಗಳಲ್ಲಿ. ಆಮೇಲೆ ಅಂಥ ಖುಷಿ ಬರಲಿಲ್ಲ.

ಕಿಡ್ನಿಯ ಪಾಠ ಬಂತು. "ಇದು ಬಹಳ ಮರ್ಯಾದಸ್ಥ ಅಂಗ" ಅಂದರು ಮೇಡಂ. "ಮುಕ್ಕಾಲು ಭಾಗ ಹಾಳಾದರೂ ಉಳಿದ ಕಾಲು ಭಾಗ ಎಲ್ಲ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ನಡೆಸುತ್ತದೆ. ನೋವಿಲ್ಲ, ಜ್ವರವಿಲ್ಲ. ರೋಗಿಗೆ ಏನೋ ಆಗಿದೆ ಅಂತ ಗೊತ್ತಾಗುವ ಹೊತ್ತಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ ಇರುತ್ತದೆ." ಹಾಗೆ ಗೊತ್ತಾಗುವುದು ಹೇಗೆ ಎಂದು ಒಂದೊಂದೇ ಹೇಳಿದರು. ಕಾಲು ಊದುತ್ತದೆ, ಮೈ ಬಿಳಿಚಿಕೊಳ್ಳುತ್ತದೆ, ತುರಿಕೆ ಶುರುವಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಊಟ ಕಂಡರೆ ವಾಕರಿಕೆ.

ಹಿಂದಿನ ವಾರ ಊರಿಗೆ ಹೋಗಿದ್ದಾಗ ಅಮ್ಮ ಬಾಗಿಲಿನ ದಾರಂದಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದಳು. ಬಂಗಡೆ ಸಾರು ಮಾಡಿ ನನಗೆ ಬಡಿಸಿ, ತಾನು ಮಾತ್ರ ಗಂಜಿಯ ಬಟ್ಟಲನ್ನು ಆಚೆ ಸರಿಸಿದ್ದಳು. "ಬಾಯೆಲ್ಲ ಕಬ್ಣ ನೆಕ್ಕಿದಂಗ್ ಆತ್ತ್ ಮಗಾ" ಅಂದಿದ್ದಳು. ಆಗ ನಾನು ನಕ್ಕಿದ್ದೆ. ಈಗ ತರಗತಿಯಲ್ಲಿ ಮೇಡಂ ಮುಂದೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ನಮ್ಮ ಮನೆ ನಾವುಂದದಲ್ಲಿ, ಹೈವೇಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಹೋಗಿದ್ದರು. ಅಮ್ಮ ಗಂಗೊಳ್ಳಿ ಬಂದರಿನಿಂದ ಮೀನು ತಂದು, ತಲೆಯ ಮೇಲೆ ಬುಟ್ಟಿ ಹೊತ್ತು ಅರೆಹೊಳೆ ಕಡೆಯ ಮನೆಗಳಿಗೆ ಮಾರುತ್ತಿದ್ದಳು. ಗಟ್ಟಿ ಹೆಂಗಸು. ಅವಳ ಸ್ವರ ಮೂರು ಗದ್ದೆ ದಾಟಿ ಕೇಳುತ್ತಿತ್ತು. "ಹ್ವಾಯ್, ಮೀನ್ ಬೇಕಾ" ಎಂದು ಅವಳು ಕೂಗಿದರೆ ಮನೆಗಳ ಬೆಕ್ಕುಗಳು ಮೊದಲು ಹೊರಗೆ ಬರುತ್ತಿದ್ದವು. ಅಂಥವಳಿಗೆ ರೋಗ ಅಂದರೆ ಯಾರು ನಂಬುತ್ತಾರೆ?

ಆ ಶನಿವಾರ ಮನೆಗೆ ಹೋದವಳೇ ಬ್ಯಾಗು ಇಳಿಸಿ ಅಮ್ಮನ ಎದುರು ಕೂತೆ.

"ಅಮ್ಮ, ಕಾಲ್ ಚಾಚ್ ಕಾಂಬ."

"ಎಂತಕೆ?"

"ಸುಮ್ನೆ ಚಾಚ್."

ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟೆ. ಒದ್ದೆ ಮರಳಿನಲ್ಲಿ ಬಿದ್ದಂತೆ ಗುಳಿ ಬಿತ್ತು. ಬಿದ್ದ ಗುಳಿ ಮೇಲೆ ಬರಲೇ ಇಲ್ಲ. ಅಮ್ಮ ಅದನ್ನು ನೋಡಿ, "ದಿನಾ ನಡ್ಕಂಡ್ ಮೀನ್ ಮಾರ್ರೆ ಕಾಲ್ ಬೀಗ್ದೆ ಇನ್ನೆಂತ ಆತ್ತ್?" ಅಂದಳು.

"ಪ್ರೆಶರ್ ಮಾತ್ರೆ ತಕಂತಿದ್ಯಾ?"

"ಅದ್ ಬಿಟ್ ಸುಮಾರ್ ಕಾಲ ಆಯ್ತಲೆ. ತಲೆ ಸುತ್ತುದ್ ನಿಂತ್ ಮೇಲೆ ಮಾತ್ರೆ ಎಂತಕೆ?"

"ಗಂಟ್ ನೋವಿನ ಮಾತ್ರೆ?"

"ಅದ್ ಇಲ್ದಿರೆ ನಡೂಕಾತ್ತಾ? ಬೆಳಿಗ್ಗೆ ಒಂದ್ ನುಂಗ್ರೆ ಬುಟ್ಟಿ ಹೊರೂಕಾತ್ತ್. ಮೆಡಿಕಲ್ ಶಾಪಿನವ್ರಿಗೆ ಈಗ ಕೇಣೂದೂ ಬ್ಯಾಡ, ನನ್ ಮುಖ ಕಂಡ್ರೆ ಕೊಡ್ತ್ರ್."

ಹೆಮ್ಮೆಯಿಂದಲೇ ಹೇಳಿದಳು. ನನ್ನ ತಲೆಯೊಳಗೆ ಮೇಡಂ ಕಲಿಸಿದ ಪ್ರಶ್ನೆ ತಾನಾಗಿ ಶುರುವಾಗಿಬಿಟ್ಟಿತ್ತು. ರಕ್ತದೊತ್ತಡ ಹೆಚ್ಚಾಗಿಯೇ ಉಳಿಯಿತು, ಆಮೇಲೆ? ಕಿಡ್ನಿಯೊಳಗಿನ ಸಣ್ಣ ರಕ್ತನಾಳಗಳು ದಪ್ಪವಾದವು. ಆಮೇಲೆ? ನಿಲ್ಲಿಸಬೇಕೆಂದರೂ ಅದು ನಿಲ್ಲಲಿಲ್ಲ.

ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ಡಾಕ್ಟರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. "ನೀವು ನರ್ಸಿಂಗ್ ಓದ್ತಾ ಇದೀರಿ ಅಂದರೆ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ" ಎಂದು ಸ್ಕ್ಯಾನಿನ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಎರಡೂ ಕಿಡ್ನಿ ಸುರುಟಿಹೋಗಿದ್ದವು. ಡಯಾಲಿಸಿಸ್ ಆದಷ್ಟು ಬೇಗ ಶುರು ಮಾಡಬೇಕು ಅಂದರು. ಹೊರಗೆ ಬೆಂಚಿನ ಮೇಲೆ ಅಮ್ಮ ಪಕ್ಕದವರೊಡನೆ ಮೀನಿನ ವಿಷಯ ಮಾತಾಡುತ್ತಿದ್ದಳು.

"ಎಂತ ಅಂದ್ರ್ ಡಾಕ್ಟ್ರ್?"

"ಕಿಡ್ನಿ ಸಣ್ಣ ಆಯಿತ್ ಅಂಬ್ರ್ ಅಮ್ಮ."

"ಮದ್ ಕೊಟ್ರೆ ದೊಡ್ಡ ಆತಿಲ್ಲ್ಯಾ?"

"ಇಲ್ಲಮ್ಮ."

ಅಮ್ಮ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಬೆಂಚಿನಿಂದ ಎದ್ದಳು. ಬಸ್ಸು ಸೇತುವೆಗಳನ್ನು ದಾಟಿ ಮರವಂತೆಗೆ ಬಂದಾಗ, ಕಡಲನ್ನೇ ನೋಡುತ್ತಾ, "ನಿನ್ ಪರೀಕ್ಷೆ ಯಾವಾಗ?" ಎಂದು ಕೇಳಿದಳು.

ಅದೇ ವಾರ ಮದ್ದುಗಳ ತರಗತಿಯಲ್ಲಿ ನೋವಿನ ಮಾತ್ರೆಗಳ ಪಾಠ ಇತ್ತು. ಯಾವ ಮದ್ದನ್ನು ಓದುವಾಗಲೂ ಮೇಡಂ ಮೊದಲು ನಾಲ್ಕು ವಿಷಯ ಕೇಳುತ್ತಿದ್ದರು. ಒಳಗೆ ಹೇಗೆ ಬರುತ್ತದೆ, ಎಲ್ಲೆಲ್ಲಿ ಹೋಗುತ್ತದೆ, ಹೇಗೆ ಬದಲಾಗುತ್ತದೆ, ಹೊರಗೆ ಹೇಗೆ ಹೋಗುತ್ತದೆ. "ಮದ್ದಿಗೆ ನಿಮ್ಮ ಮೊಣಕಾಲು ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಿಲ್ಲ" ಅಂದರು. "ನುಂಗಿದ ಮಾತ್ರೆ ಎಲ್ಲ ಕಡೆಗೂ ಹೋಗುತ್ತದೆ. ನೋವು ಹುಟ್ಟಿಸುವ ಒಂದು ವಸ್ತುವನ್ನು ಅದು ತಡೆಯುತ್ತದೆ, ಸರಿ. ಆದರೆ ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುವುದೂ ಅದೇ ವಸ್ತು. ಮಾತ್ರೆ ಅದನ್ನೂ ತಡೆಯುತ್ತದೆ. ಮೊದಲೇ ಸೋತ ಕಿಡ್ನಿಯಾದರೆ ಅದಕ್ಕೆ ಬರುವ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ."

ತರಗತಿ ಮುಗಿದ ಮೇಲೆ ನಾನು ಅವರ ಹಿಂದೆ ಹೋದೆ. "ಮೇಡಂ, ವರ್ಷಗಟ್ಟಲೆ ದಿನಾ ತೆಗೆದುಕೊಂಡರೆ?"

"ಬಿಪಿ ಇರುವವರಾ?"

"ಹೌದು."

"ಯಾರು?"

ಅವರು ನನ್ನ ಮುಖ ನೋಡಿ, ಹಿಡಿದಿದ್ದ ಪುಸ್ತಕಗಳನ್ನು ಕಿಟಕಿಯ ಮೇಲೆ ಇಟ್ಟರು. "ಇಂಥದ್ದಕ್ಕೆ ಒಂದೇ ಕಾರಣ ಅಂತ ಯಾರೂ ಹೇಳಲಾಗುವುದಿಲ್ಲ" ಅಂದರು. ಅದು ನಿಜವೂ ಹೌದು. ಆದರೆ ನಿಜ ಹೇಳಿದ್ದರಿಂದ ನನಗಾಗಲೀ ಅವರಿಗಾಗಲೀ ಹಗುರ ಆಗಲಿಲ್ಲ. ಅವರು ಪುಸ್ತಕಗಳನ್ನು ಎತ್ತಿಕೊಂಡು ಮುಂದಿನ ತರಗತಿಗೆ ಹೋದರು, ನಾನು ಹಾಸ್ಟೆಲ್ಲಿಗೆ ಬಂದೆ.

ಡಯಾಲಿಸಿಸ್ಸಿಗೆ ಮೊದಲು ಅಮ್ಮನ ಎಡಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿದರು. ಹೃದಯದಿಂದ ರಕ್ತ ತರುವ ನಾಳವನ್ನೂ ಹೃದಯಕ್ಕೆ ರಕ್ತ ಒಯ್ಯುವ ನಾಳವನ್ನೂ ಮಣಿಕಟ್ಟಿನ ಹತ್ತಿರ ಜೋಡಿಸಿ ಹೊಲಿಯುತ್ತಾರೆ. ಆ ಜಾಗ ಉಬ್ಬಿ ಗಟ್ಟಿಯಾದ ಮೇಲೆ ಸೂಜಿ ಚುಚ್ಚಲು ಆಗುತ್ತದೆ. ಮುಟ್ಟಿದರೆ ಒಳಗೆ ಗುಂಯ್ ಗುಟ್ಟುತ್ತದೆ. "ಕೈಯೊಳ್ಗೆ ಬೋಟಿನ್ ಇಂಜಿನ್ ಹಾಕಿರ್ ಕಾಣ್" ಎಂದು ಅಮ್ಮ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದಳು. ಆ ಕೈಯಲ್ಲಿ ಭಾರ ಎತ್ತಬಾರದು ಎಂದು ಗೊತ್ತಾದ ದಿನ ತೋರಿಸುವುದನ್ನು ನಿಲ್ಲಿಸಿದಳು. ಬುಟ್ಟಿಯನ್ನು ನೆಲದಿಂದ ಎತ್ತಿ ತಲೆಗೆ ಏರಿಸುತ್ತಿದ್ದದ್ದು ಅದೇ ಕೈ. ಬುಟ್ಟಿ ಹಿತ್ತಿಲಿನ ಮೂಲೆಗೆ ಬಿತ್ತು. ಕೋಳಿಯೊಂದು ಅದರೊಳಗೆ ಮೊಟ್ಟೆ ಇಡತೊಡಗಿತು.

ವಾರಕ್ಕೆ ಎರಡು ಸಲ ಕುಂದಾಪುರ. ಅಮ್ಮ ಒಬ್ಬಳೇ ಬಸ್ಸಿನಲ್ಲಿ ಹೋಗಿ, ಯಂತ್ರದ ಪಕ್ಕ ಮಲಗಿ, ಸಂಜೆಗೆ ಹಿಂಡಿದ ಬಟ್ಟೆಯಂತೆ ಮನೆಗೆ ಬರುತ್ತಿದ್ದಳು. ಅದನ್ನು ಅವಳು ಸಹಿಸಿಕೊಂಡಳು. ಸಹಿಸಲಾರದೆ ಹೋದದ್ದು ಬಾಯಾರಿಕೆಯನ್ನು.

ಮೂತ್ರ ಹೋಗುವುದು ನಿಂತಂತೆಯೇ ಆಗಿತ್ತು. ಕುಡಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಮುಂದಿನ ಡಯಾಲಿಸಿಸ್‌ವರೆಗೆ ಅದು ಕಾಲಿನಲ್ಲಿ, ಹೊಟ್ಟೆಯಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಆದ್ದರಿಂದ ದಿನಕ್ಕೆ ಇಷ್ಟೇ ಎಂದು ಡಾಕ್ಟರು ನೀರು ಗೊತ್ತು ಮಾಡಿದ್ದರು. ಚಾ, ಗಂಜಿ ತಿಳಿ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲವೂ ಅದರೊಳಗೇ ಬರಬೇಕು. ನಾನು ಒಂದು ಸ್ಟೀಲಿನ ತಂಬಿಗೆಯಲ್ಲಿ ಅಳೆದಿಟ್ಟು, "ಇದ್ ನಿನ್ ಇಡೀ ದಿನದ್ ನೀರ್" ಎಂದು ಹೇಳಿ ಹಾಸ್ಟೆಲ್ಲಿಗೆ ಹೋಗುತ್ತಿದ್ದೆ. ಬೇಸಿಗೆ ಬಂತು. ನಮ್ಮ ಕರಾವಳಿಯ ಸೆಕೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಸುತ್ತ ನೀರು, ಗಾಳಿಯೆಲ್ಲ ನೀರು, ಮೈಯೆಲ್ಲ ನೀರು. ಅಮ್ಮ ಮಾತ್ರ ನಾಲಿಗೆಯನ್ನು ತುಟಿಯ ಮೇಲೆ ಸವರಿಕೊಂಡು ಕೂತಿರುತ್ತಿದ್ದಳು.

ಇನ್ನೊಂದು ಕಷ್ಟ ತಿನ್ನುವುದರದ್ದು. ಒಣಮೀನು ಬೇಡ, ಉಪ್ಪಿನಕಾಯಿ ಬೇಡ, ಬಾಳೆಹಣ್ಣು ಬೇಡ. ಬೊಂಡ, ಅಂದರೆ ಎಳನೀರು, ಅಂತೂ ಬೇಡವೇ ಬೇಡ. ನಮ್ಮ ಊರಿನಲ್ಲಿ ಕಾಯಿಲೆಯವರನ್ನು ನೋಡಲು ಬರುವವರು ಕೈಯಲ್ಲಿ ಹಿಡಿದು ಬರುವುದೇ ಬೊಂಡ. ಬಂದವರೆಲ್ಲ ತಂದರು. ಜಗಲಿಯ ತುದಿಯಲ್ಲಿ ಬೊಂಡದ ರಾಶಿ ಬಿತ್ತು. ನಾನು ಅವನ್ನು ಆಚೆಮನೆಗೆ ಕೊಟ್ಟುಬಂದೆ.

"ಒಂದಾರೂ ಇಡೂಕಾಗ್ದಾ?" ಅಂದಳು ಅಮ್ಮ.

"ಬೊಂಡದಲ್ಲಿ ಪೊಟ್ಯಾಸಿಯಂ ಅಂಬ ಒಂದ್ ಉಪ್ಪಿನ್ ಅಂಶ ಇತ್ತಮ್ಮ. ಎದೆ ಬಡ್ಕಂಬುಕೆ ಅದ್ ಒಂಚೂರ್ ಬೇಕ್. ಜಾಸ್ತಿ ಆರೆ ಎದೆ ನಿಂತ್ ಹೋತ್ತ್."

"ಇಷ್ಟ್ ವರ್ಷ ಕುಡ್ದೆ. ಎಂತ ಆಯ್ಲಿಲ್ಲ."

"ಅವಾಗ ಕಿಡ್ನಿ ಅದನ್ನ ಹೊರಗ್ ಹಾಕ್ತಿತ್ತ್."

"ಹಾಂಗಾರೆ ನಾ ಎಂತ ತಿಂಬುದ್? ಗಾಳಿಯಾ?"

ಪುಸ್ತಕದಲ್ಲಿ ರೋಗಿಗೆ ತಿಳಿಹೇಳುವುದು ಹೇಗೆ ಎಂದು ಒಂದು ಪಾಠವೇ ಇದೆ. ರೋಗಿಯ ಭಾಷೆಯಲ್ಲಿ, ಸರಳವಾಗಿ, ಮತ್ತೆ ಮತ್ತೆ ಹೇಳಬೇಕು. ನಾನು ಹಾಗೆಯೇ ಹೇಳಿದೆ. ಕೊನೆಗೆ ನಮ್ಮಿಬ್ಬರ ನಡುವೆ ಬೇರೆ ಮಾತೇ ಉಳಿಯಲಿಲ್ಲ. ಫೋನು ಮಾಡಿದರೆ ನೀರೆಷ್ಟು ಕುಡಿದೆ, ಏನು ತಿಂದೆ, ಕಾಲು ಊದಿದೆಯಾ. ಮೊದಲೆಲ್ಲ ಫೋನಿನಲ್ಲಿ ಬಂದರಿನ ಸುದ್ದಿ, ಯಾರದೋ ಮದುವೆ, ಯಾರದೋ ಜಗಳ ಎಲ್ಲ ಬಣ್ಣ ಕಟ್ಟಿ ಹೇಳುತ್ತಿದ್ದವಳು ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಫೋನು ಇಡುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಅಮ್ಮ ಬಾವಿಕಟ್ಟೆಯ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದಳು. ಕೊಡಪಾನದಿಂದ ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡು, ಆಮೇಲೆ ನೆಲಕ್ಕೆ ಉಗುಳಿದಳು. ಮತ್ತೆ ಬೊಗಸೆ ತುಂಬಿದಳು. ತಿರುಗಿ ನನ್ನನ್ನು ಕಂಡದ್ದೇ ಕೈ ಕೆಳಗೆ ಬಿಟ್ಟಳು. ನೀರು ಸೀರೆಯ ಮೇಲೆ ಚೆಲ್ಲಿತು.

"ನುಂಗ್ಲಿಲ್ಲ ಮಗಾ. ದೇವ್ರಾಣೆ ನುಂಗ್ಲಿಲ್ಲ. ಬಾಯಿ ಒದ್ದೆ ಮಾಡ್ದೆ ಅಷ್ಟೆ."

ಅಮ್ಮ ನನಗೆ ಹೆದರಿದ್ದಳು. ಗಂಗೊಳ್ಳಿ ಬಂದರಿನಲ್ಲಿ ಗಂಡಸರ ನಡುವೆ ನುಗ್ಗಿ ಹರಾಜು ಕೂಗಿ ಮೀನು ಎತ್ತುತ್ತಿದ್ದವಳು, ನಾನು ಕಂಡುಬಿಟ್ಟೆ ಎಂದು ಹೆದರಿ ಆಣೆ ಹಾಕುತ್ತಿದ್ದಳು. "ಅಡ್ಡಿಲ್ಲಮ್ಮ" ಎಂದೆ. ಬಟ್ಟೆಗಳನ್ನು ಹಗ್ಗದಿಂದ ಎಳೆದುಕೊಂಡು ಒಳಗೆ ಬಂದೆ.

ಅಮ್ಮನಿಗೆ ಒಬ್ಬಳೇ ತಂಗಿ. ನನ್ನ ಚಿಕ್ಕಿ. ಕೊಲ್ಲೂರಿನ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸಿ ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ ಅವಳದ್ದು. ಗಂಡ ಇಲ್ಲ, ಮಕ್ಕಳಿಲ್ಲ. ಅಜ್ಜಿ ಬೇಗ ತೀರಿಹೋದದ್ದರಿಂದ ಅಮ್ಮನೇ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ್ದು. ರಜೆ ಸಿಕ್ಕಾಗಲೆಲ್ಲ ಬೈಂದೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಅಮ್ಮ ಅವಳ ಜೊತೆ ಮಾತ್ರ ಹಳೆಯ ಹಾಗೆ ನಗುತ್ತಿದ್ದಳು. ಆ ಬೇಸಿಗೆಯ ಕೊನೆಯ ಒಂದು ಭಾನುವಾರ ಚಿಕ್ಕಿ ಬಂದು ಉಳಿದಳು. ನನಗೆ ಕುಂದಾಪುರದ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಡ್ಯೂಟಿ ಹಾಕಿದ್ದರಿಂದ ಊರಿಗೆ ಹೋಗಲಾಗಲಿಲ್ಲ. ಅಕ್ಕನ ಹತ್ತಿರ ತಾನಿರುತ್ತೇನೆ, ಸೋಮವಾರ ತಾನೇ ಡಯಾಲಿಸಿಸ್ಸಿಗೆ ಕರೆದುಕೊಂಡು ಬರುತ್ತೇನೆ ಎಂದು ಚಿಕ್ಕಿ ಫೋನಿನಲ್ಲಿ ಹೇಳಿದಾಗ ನನಗೆ ಸಮಾಧಾನವೇ ಆಯಿತು.

ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ ಹಾಸಿಗೆ ಸರಿಮಾಡುತ್ತಿದ್ದೆ. ಕೆಳಗಿನಿಂದ ಒಬ್ಬ ಸಿಸ್ಟರ್ ಫೋನು ಮಾಡಿ ಕೂಡಲೇ ಬರಲು ಹೇಳಿದರು. ಹೋದರೆ ಡಯಾಲಿಸಿಸ್ ಕೋಣೆಯ ಹೊರಗೆ ಅಮ್ಮನನ್ನು ವೀಲ್‌ಚೇರಿನಲ್ಲಿ ಕೂರಿಸಿದ್ದರು. ತಲೆ ಒಂದು ಕಡೆಗೆ ವಾಲಿತ್ತು.

"ಬಸ್ಸಿಂದ ಇಳೂಕೇ ಆಯ್ಲಿಲ್ಲ. ಕಾಲಲ್ಲಿ ಬಲವೇ ಇಲ್ಲ ಅಂತ್. ಇಬ್ರ್ ಎತ್ತಿ ಇಳ್ಸಿರ್" ಅಂದಳು ಚಿಕ್ಕಿ.

ಮೈಯ ಶಕ್ತಿ ಹೀಗೆ ಒಮ್ಮೆಲೇ ಸೋರಿಹೋದರೆ ಏನಾಗಿರಬಹುದು ಎಂದು ನಾನು ಓದಿದ್ದೆ. ಡಯಾಲಿಸಿಸ್ ಇಲ್ಲದ ದಿನಗಳ ಅಂತರ ಹೆಚ್ಚಿದ್ದಾಗಲೇ ಅದು ಹೆಚ್ಚು ಎಂದೂ ಓದಿದ್ದೆ. ಅಮ್ಮನ ನಾಡಿ ಹಿಡಿದೆ. ಬಡಿತ ಬಹಳ ನಿಧಾನವಾಗಿತ್ತು, ನಡುನಡುವೆ ತಪ್ಪುತ್ತಿತ್ತು. ಅಮ್ಮ ಕಣ್ಣು ತೆರೆದು, "ನೀ ಉಂಡ್ಯಾ?" ಅಂದಳು. ಬೆಳಗಿನ ಹೊತ್ತು ಅದು.

ಇಸಿಜಿ ತೆಗೆದರು. ಕಾಗದ ಹೊರಗೆ ಬರುತ್ತಿದ್ದಂತೆ ನಾನು ನೋಡಿದೆ. ಸಣ್ಣ ಗುಡ್ಡದ ಹಾಗೆ ಇರಬೇಕಾದ ಅಲೆ ಚೂಪಾಗಿ, ಎತ್ತರವಾಗಿ, ಹೂಡಿದ ಡೇರೆಯ ಹಾಗೆ ನಿಂತಿತ್ತು. ಪುಸ್ತಕದ ಚಿತ್ರದಲ್ಲಿ ಕೂಡ ಅಷ್ಟು ಸ್ಪಷ್ಟವಾಗಿ ಇರಲಿಲ್ಲ. ಪೊಟ್ಯಾಸಿಯಂ. ಡಾಕ್ಟರು ಹೇಳುವುದಕ್ಕೆ ಮೊದಲೇ ಮುಂದೆ ಏನೇನು ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಮೊದಲು ಕ್ಯಾಲ್ಸಿಯಂ, ಅದು ಹೃದಯಕ್ಕೆ ಸ್ವಲ್ಪ ಹೊತ್ತು ಕಾವಲು ನಿಲ್ಲುತ್ತದೆ, ಪೊಟ್ಯಾಸಿಯಂ ಅನ್ನು ಕಡಿಮೆ ಮಾಡುವುದಿಲ್ಲ. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್, ಅದು ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ, ದೇಹದಿಂದ ಹೊರಗೆ ಹಾಕುವುದಿಲ್ಲ. ಹೊರಗೆ ಹಾಕುವುದು ಯಂತ್ರ ಒಂದೇ. ಒಂದೊಂದನ್ನೂ ಸರಿಯಾಗಿ, ಬೇಗ ಬೇಗ ಕೊಟ್ಟರು. ಅಲ್ಲಿದ್ದವರಲ್ಲಿ ಯಾರೂ ತಡ ಮಾಡಲಿಲ್ಲ, ಯಾರೂ ತಪ್ಪು ಮಾಡಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಯಂತ್ರದ ಸೂಜಿ ಚುಚ್ಚಲು ಅಮ್ಮನ ಎಡಗೈಯನ್ನು ಹಿಡಿದಾಗ ಮಾನಿಟರಿನ ಗೆರೆ ಅಗಲವಾಗಿ, ನಿಧಾನವಾಗಿ, ಕಡಲಿನ ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಬಂತು. ಆಮೇಲೆ ಏಳಲಿಲ್ಲ. ಎದೆ ಒತ್ತಲು ಶುರು ಮಾಡಿದರು. ಒಬ್ಬ ಸಿಸ್ಟರ್ ನನ್ನ ಭುಜ ಹಿಡಿದು ಪರದೆಯ ಆಚೆಗೆ ಕರೆತಂದರು. ನಾನು ಯೂನಿಫಾರ್ಮಿನಲ್ಲಿದ್ದೆ. ಹೊರಗೆ ಕೂತ ರೋಗಿಯ ಕಡೆಯವರೊಬ್ಬರು ಏನೂ ಗೊತ್ತಿಲ್ಲದೆ, "ಸಿಸ್ಟ್ರೆ, ನಮ್ ಪಾಳಿ ಯಾವಾಗ?" ಎಂದು ಕೇಳಿದರು. "ಸ್ವಲ್ಪ ತಡ ಆಗುತ್ತದೆ" ಎಂದೆ.

ಅಮ್ಮ ಮತ್ತೆ ಬರಲಿಲ್ಲ.

ಮರುದಿನ ಎಲ್ಲ ಮುಗಿದು, ಬಂದವರು ಹೊರಟುಹೋದ ಮೇಲೆ, ಮಧ್ಯಾಹ್ನ ಚಿಕ್ಕಿ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ನಾನು ನೀರು ಸೇದಿ ಕೊಡುತ್ತಿದ್ದೆ. ಅವಳು ತಲೆ ಎತ್ತದೆ ಹೇಳತೊಡಗಿದಳು.

"ನಂಗ್ ಗೊತ್ತಿತ್ತ್. ಬೊಂಡ ಕೊಡೂಕಾಗ ಅಂದೇಳಿ ನೀ ಫೋನಲ್ಲಿ ಹೇಳಿದ್ದೆ. ಮರೀಲಿಲ್ಲ ನಾ."

ನಾನು ಹಗ್ಗ ಹಿಡಿದು ನಿಂತೆ.

"ಭಾನ್ವಾರ ಅಕ್ಕ ನನ್ ಕೈ ಹಿಡ್ಕಂಡ್ತ್. ಒಂದ್ ಬೊಂಡ ತಕಂಬಾ, ಮಗಳಿಗ್ ಹೇಳ್ಬ್ಯಾಡ ಅಂತ್. ಬ್ಯಾಡ ಅಕ್ಕಾ ಅಂದೆ. ಮಕ್ಕಳ್ ಹಾಂಗ್ ಕಣ್ಣೀರ್ ಹಾಕಿ ಮರ್ಕಿತ್. ನಾ ಹುಟ್ಟಿದಲ್ಲಿಂದ ಅಕ್ಕ ನನ್ ಹತ್ರ ಎಂತದೂ ಕೇಂಡದ್ದಿಲ್ಲ. ಎಲ್ಲ ಕೊಟ್ಟದ್ದೇ. ಕೇಂಡದ್ ಅದೊಂದೇ. ನಾ ಹ್ಯಾಂಗ್ ಇಲ್ಲ ಅಂಬುದ್?"

"ಒಂದೇಯಾ ಕುಡ್ದದ್?"

"ಒಂದ್ ಕುಡ್ತ್. ಮತ್ತೊಂದ್ ಕೇಂಡ್ತ್. ಕೊಟ್ಟೆ. ಆಮೇಲ್ ಬಾಳೆಹಣ್ಣೂ ತಿಂತ್. ಕುಡ್ದ್ ಜಗಲೀಲಿ ಕಾಲ್ ಚಾಚ್ಕಂಡ್ ಕೂತ್ಕಂಡ್, ಎಷ್ಟ್ ತಂಪಾಯ್ತ್ ಅಂತ್."

ಚಿಕ್ಕಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಸೀರೆಗೆ ಕೈ ಒರೆಸಿಕೊಂಡು ಮೊದಲ ಸಲ ನನ್ನ ಮುಖ ನೋಡಿದಳು.

"ನೀ ಓದ್ದವ್ಳ್. ಹೇಳ್. ಅದ್ರಿಂದವೇ ಅಲ್ದಾ?"

"ಒಂದೇ ಕಾರಣ ಅಂತ ಹೇಳೂಕಾತಿಲ್ಲ ಚಿಕ್ಕಿ."

"ಅದಲ್ಲ. ಹೌದಾ ಅಲ್ದಾ?"

ಅಲ್ಲ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳೋ ಇಲ್ಲವೋ. ಅಮ್ಮನಿಗೂ ಗೊತ್ತಿತ್ತು ಎಂಬುದೊಂದೇ ಆಗ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಎದೆ ನಿಂತು ಹೋಗುತ್ತದೆ ಎಂದು ಅವಳ ಭಾಷೆಯಲ್ಲೇ, ಮತ್ತೆ ಮತ್ತೆ ನಾನು ಹೇಳಿದ್ದೆ. ನಂಬದೆ ಕುಡಿದಳೋ, ನಂಬಿಯೇ ಕುಡಿದಳೋ, ನಾಳೆ ಹೇಗೂ ಯಂತ್ರ ತೆಗೆದುಬಿಡುತ್ತದೆ ಎಂದುಕೊಂಡಳೋ, ಅಥವಾ ಬಾಯಾರಿಕೆಯ ಎದುರು ಇದೊಂದೂ ನೆನಪಿಗೆ ಬರಲಿಲ್ಲವೋ. ಆಮೇಲೆ ಏನಾಯಿತು ಎಂದು ಕೇಳುತ್ತಾ ಮುಂದಕ್ಕೆ ಹೋಗಲು ನನಗೆ ಕಲಿಸಿದ್ದರು. ಇದನ್ನು ಕೇಳಲು ನನ್ನ ಹತ್ತಿರ ಯಾವ ಪ್ರಶ್ನೆಯೂ ಇರಲಿಲ್ಲ. ನಾನು ಸುಮ್ಮನೆ ನಿಂತದ್ದನ್ನು ಚಿಕ್ಕಿ ಉತ್ತರವೆಂದೇ ತೆಗೆದುಕೊಂಡಳು. ತಲೆ ಆಡಿಸಿ, ಬಗ್ಗಿ, ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು. ಆ ಸಂಜೆಯ ಬಸ್ಸಿಗೇ ಕೊಲ್ಲೂರಿಗೆ ಹೋದಳು.

ಕಾಲೇಜಿಗೆ ವಾಪಸು ಹೋದಾಗ ದೇಹದ ನೀರು ಮತ್ತು ಲವಣಗಳ ಪಾಠ ನಡೆಯುತ್ತಿತ್ತು. ಮೇಡಂ ನನ್ನನ್ನು ಬಾಗಿಲಲ್ಲಿ ತಡೆದು, ಇವತ್ತು ಹೊರಗೆ ಇರುವುದಾದರೆ ಇರು ಅಂದರು. ನಾನು ಒಳಗೆ ಹೋಗಿ ಕೂತೆ. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ಪರೀಕ್ಷೆ ಬರೆದೆ, ಪಾಸಾದೆ. ಈಗ ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ಕೆಲಸ. ದಿನಾ ಯಾರಿಗಾದರೂ ಹೇಳುತ್ತಿರುತ್ತೇನೆ, ಬಿಪಿ ಮಾತ್ರೆ ಬಿಡಬೇಡಿ, ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ ಎಂದು. ಅವರು ಹೂಂ ಅನ್ನುತ್ತಾರೆ. ಕೆಲವರು ಮುಂದಿನ ಸಲ ಬಂದಾಗ ಬಿಟ್ಟಿರುತ್ತಾರೆ. ತಲೆ ಸುತ್ತು ನಿಂತಿತಲ್ಲ ಸಿಸ್ಟರ್ ಎನ್ನುತ್ತಾರೆ. ನಾನು ಮೊದಲಿನಿಂದ ಹೇಳುತ್ತೇನೆ. ಹೇಳುವಾಗ ನನ್ನ ಸ್ವರದಲ್ಲಿ ನನಗೇ ನಂಬಿಕೆ ಇರುವುದಿಲ್ಲ.

ನಾನಿನ್ನೂ ಕಾಲೇಜಿನಲ್ಲಿದ್ದಾಗ, ಅಮ್ಮನ ಮೊದಲ ವರ್ಷದ ತಿಥಿಗೆ ಚಿಕ್ಕಿ ಬಂದಳು. ಅಷ್ಟು ದಿನ ನಾನು ಫೋನು ಮಾಡಿದಾಗಲೆಲ್ಲ ಲಾಡ್ಜಿನಲ್ಲಿ ಜನ ಇದ್ದಾರೆ ಎಂದು ಬೇಗ ಇಟ್ಟುಬಿಡುತ್ತಿದ್ದಳು. ಬಹಳ ತೆಳ್ಳಗಾಗಿದ್ದಳು. ಬಂದವಳೇ ಸೆರಗು ಸಿಕ್ಕಿಸಿ ಅಡಿಗೆಮನೆಗೆ ಹೋದಳು. ತೆಂಗಿನಕಾಯಿ ತುರಿದಳು, ಸೊಪ್ಪು ಹೆಚ್ಚಿದಳು, ಅಕ್ಕಿ ಬಸಿದಳು. ಎಲೆ ಹಾಕುವ ಹೊತ್ತಿಗೆ ನೋಡಿದರೆ ಅವಳಿಲ್ಲ. ನಾನು ಹೈವೇವರೆಗೆ ಓಡಿದೆ. ಬೈಂದೂರಿನ ಕಡೆ ಹೋಗುವ ಬಸ್ಸು ನಿಲ್ಲುವ ಜಾಗದಲ್ಲಿ ಚೀಲ ಹಿಡಿದು ಬಿಸಿಲಿನಲ್ಲೇ ನಿಂತಿದ್ದಳು.

"ಉಂಡ್ಕಂಡ್ ಹೋಗ್ ಚಿಕ್ಕಿ."

"ಹಸಿವಿಲ್ಲ."

"ನಾ ನಿಂಗೆ ಒಂದ್ ಮಾತೂ ಹೇಳ್ಲಿಲ್ಲಲೆ."

ಅವಳು ರಸ್ತೆಯ ಆ ಕಡೆ ನೋಡುತ್ತಲೇ ಇದ್ದಳು. "ಬೈದಿರೆ ಅಡ್ಡಿರ್ಲಿಲ್ಲ" ಅಂದಳು. "ಆವತ್ತ್ ಬಾವಿಕಟ್ಟೆ ಹತ್ರ ಬಾಯ್ ತುಂಬ ಬೈದಿರೆ ನಾ ಇಲ್ಲೇ ಇರ್ತಿದ್ದೆ."

ಬೈಯುವುದಕ್ಕೆ ಸಿಟ್ಟು ಬೇಕು. ನನ್ನಲ್ಲಿ ಹುಡುಕಿದರೂ ಸಿಟ್ಟು ಇರಲಿಲ್ಲ, ಇದ್ದದ್ದು ಬರಿಯ ದಣಿವು. ಅಷ್ಟರಲ್ಲಿ ಬಸ್ಸು ಬಂತು. "ಒಳಗ್ ಹೋಗ್, ಜನ ಕೂತಿರ್" ಎಂದು ಹೇಳಿ ಅವಳು ಹತ್ತಿದಳು. ಆಚೆ ಬದಿಯ ಸೀಟಿಗೆ ಹೋಗಿ ಕೂತಳು, ನಾನು ನಿಂತಿದ್ದ ಬದಿಗೆ ತಿರುಗಲಿಲ್ಲ.

ನಾನು ಮನೆಗೆ ಬಂದೆ. ಎಲೆಗಳ ಮುಂದೆ ಜನ ಕೂತಾಗಿತ್ತು, ಬಡಿಸುವವರು ಸಾಲದೆ ಎಲ್ಲರೂ ನನ್ನ ದಾರಿ ಕಾಯುತ್ತಿದ್ದರು. ಕೈ ತೊಳೆದು ಅನ್ನದ ಪಾತ್ರೆ ಎತ್ತಿಕೊಂಡೆ.